ನಲವತ್ತೊಂದು ಪ್ರಶ್ನೆಗಳ ಹುಡುಗಿ

ಶಿವದೇವಿ ಮೂರನೆಯ ರೊಟ್ಟಿ ಬಡಿದು, ಎರಡೂ ಕೈಯಲ್ಲಿ ಎತ್ತಿ ಹಂಚಿನ ಮೇಲೆ ಹಾಕುವುದಕ್ಕೂ ನಡುಮನೆಯ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನು ಬಂತೆಂದರೆ ಊರಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿದಳು.

ಊರಿನದಲ್ಲ. ಅಮೀರ್‌ಪೇಟೆಯ ಹಾಸ್ಟೆಲಿನಿಂದ ರಶ್ಮಿ, ಅವಳ ಜೊತೆಗೇ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ.

"ಅಕ್ಕಾರ, ನಿಮ್ಮ ಬ್ಲಾಗ್ ನೋಡಿದ್ರೇನ್ರಿ?" ಎಂದಳು. "ಸರ್ ಕಾಮೆಂಟ್ ಬರದಾರ್ರಿ, ನಿಮ್ಮ ಆ ಹುಡುಗಿ ಬಗ್ಗೆ. ಭಾಳ ಉದ್ದ ಐತಿ. ನಂಗ ಇಷ್ಟು ದಿನದಾಗ ಒಮ್ಮೆಯೂ ಅಷ್ಟು ಉದ್ದ ಬರದಿಲ್ಲ ನೋಡ್ರಿ."

ಕೊನೆಯ ಮಾತನ್ನು ರಶ್ಮಿ ನಗುತ್ತಲೇ ಹೇಳಿದಳು. ಆದರೆ ಆ ನಗುವಿನಲ್ಲಿ ಅನ್ನದಲ್ಲಿ ಸಿಕ್ಕ ಹರಳಿನಂಥದೊಂದು ಇತ್ತು. ಒಂದು ವರ್ಷದಿಂದ ಅಂಥದೇ ಹರಳನ್ನು ಹಲ್ಲಿನ ಸಂದಿಯಲ್ಲಿಟ್ಟುಕೊಂಡು ತಿರುಗುತ್ತಿದ್ದ ಶಿವದೇವಿಗೆ ಅದನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಹೌದೇನು, ನೋಡ್ತೀನಿ ತಗೊ ಎಂದು ಏನೂ ಆಗದವಳಂತೆ ಫೋನಿಟ್ಟಳು.

ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಪೇಪರಿನ ಹಿಂದಿನಿಂದ ಗಂಡ ಕಲ್ಲೇಶ, "ಏನಂತ ನಿನ್ನ ಸವತಿ?" ಎಂದ. ರಶ್ಮಿಗೆ ಅವನು ಇಟ್ಟ ಹೆಸರು ಅದು. ಅವಳ ಸುದ್ದಿ ಬಂದಾಗಲೆಲ್ಲ ಹೆಂಡತಿಯ ಮುಖ ಬಿಗಿಯುವುದನ್ನು ಕಂಡು ಇಟ್ಟಿದ್ದ.

"ಸರ್ ನನ್ನ ಬ್ಲಾಗಿಗೆ ಬರದಾರಂತ."

"ಹಂಗಾದ್ರ ಇವತ್ತು ಸೀದ ರೊಟ್ಟಿನ ಸೈ," ಎಂದು ಅವನು ಹಾಳೆ ತಿರುವಿದ.

ಅವಳು ಒಲೆ ಆರಿಸಿ ಕಂಪ್ಯೂಟರ್ ಹಾಕಿದಳು. ಕಲ್ಲೇಶನ ಆಫೀಸಿನಲ್ಲಿ ಹಳೆಯದೆಂದು ಮಾರಿದಾಗ ಕೊಂಡು ತಂದ ಯಂತ್ರ. ಗೊರಗೊರ ಸದ್ದು ಮಾಡುತ್ತ ಏಳಲು ಐದು ನಿಮಿಷ ಬೇಕು. ಕೊನೆಗೆ ಪುಟ ತೆರೆಯತೊಡಗಿತು. ಮೇಲಿನ ಹೆಸರು ಬಂತು, ನೀಲಿ ಗೆರೆ ಬಂತು, ಅಷ್ಟರಲ್ಲಿ ಕರೆಂಟು ಹೋಯಿತು. ಏಪ್ರಿಲ್ ತಿಂಗಳು. ತಾರ್ನಾಕದಲ್ಲಿ ಬೆಳಿಗ್ಗೆ ಹೋದ ಕರೆಂಟು ಒಂಬತ್ತರ ತನಕ ಬರುವ ಮಾತಿರಲಿಲ್ಲ.

ಕಪ್ಪಾದ ಪರದೆಯಲ್ಲಿ ಅವಳ ಮುಖ ಕಂಡಿತು. ಅದರ ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಮಗಳೂ ಕಂಡಳು. ಸ್ಕೂಲಿನ ಹಾಜರಿಯಲ್ಲಿ ಅಜ್ಜಿಯ ಹೆಸರು, ಶಿವಗಂಗಾ. ಮನೆಯಲ್ಲಿ ಬರೀ ಗಂಗಿ. ಹನ್ನೊಂದು ವರ್ಷ. ಏನವ್ವಾ ಎಂದು ತಾಯಿ ಕೇಳಿದ್ದಕ್ಕೆ ಹುಡುಗಿ ಬಾಯಿ ತೆರೆದು, ಮತ್ತೆ ಮುಚ್ಚಿ, ಏನಿಲ್ಲ ಎಂದಳು. ಹಾಗಾದರೆ ಹಲ್ಲುಜ್ಜು ಹೋಗು ಎಂದು ಶಿವದೇವಿ ಅಡಿಗೆಮನೆಗೆ ಹೋದಳು. ಒಂದು ತಿಂಗಳಿಂದ ಹುಡುಗಿ ಹೀಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ಹೋಗುತ್ತಿದ್ದಳು. ತಾಯಿಗೆ ಅದು ಕಂಡಿರಲಿಲ್ಲವೆಂದಲ್ಲ. ಕಂಡದ್ದನ್ನು ಆಮೇಲೆ ನೋಡೋಣ ಎಂದು ಬದಿಗಿಟ್ಟಿದ್ದಳು, ಅಷ್ಟೆ.

ಉಳಿದ ರೊಟ್ಟಿ ಬಡಿಯುತ್ತ ಶಿವದೇವಿಗೆ ಹಿಂದಿನದೆಲ್ಲ ನೆನಪಾಯಿತು.

ಅವಳದು ಲಿಂಗಸುಗೂರಿನ ಕಡೆ. ಮದುವೆಯಾಗಿ ತೆಲುಗರ ಈ ಊರಿಗೆ ಬಂದು ಹದಿಮೂರು ವರ್ಷ. ಗಚ್ಚಿಬೌಲಿಯ ಆಚೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ರಾಯಚೂರು, ಯಾದಗಿರಿಯ ಕಡೆಯಿಂದ ಬಂದವರು ಅಲ್ಲಿ ಕಾಂಕ್ರೀಟು ಹೊರುತ್ತಿದ್ದರು. ಅವರ ಮಕ್ಕಳಿಗಾಗಿ ಒಂದು ಟ್ರಸ್ಟಿನವರು ಸೈಟಿನಲ್ಲೇ ತಗಡಿನ ಶೆಡ್ಡು ಹಾಕಿ ಶಾಲೆ ನಡೆಸುತ್ತಿದ್ದರು. ಶಿವದೇವಿ ಅಲ್ಲಿಯ ಕನ್ನಡದ ಟೀಚರು. ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಅಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳನ್ನು ಅವಳು ಚೀಟಿಯಲ್ಲಿ ಬರೆದಿಟ್ಟುಕೊಳ್ಳತೊಡಗಿದಳು. ಮೊದಮೊದಲು ಯಾವ ಉದ್ದೇಶವೂ ಇರಲಿಲ್ಲ, ಮರೆತುಹೋಗಬಾರದೆಂದು ಮಾತ್ರ. ಕ್ಯಾಲೆಂಡರಿನ ಹಿಂಬದಿ, ಗಂಗಿಯ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ, ಬಸ್ಸಿನ ಟಿಕೀಟು, ಕೈಗೆ ಸಿಕ್ಕದ್ದರ ಮೇಲೆ ಬರೆದು ಸುಲ್ತಾನ್ ಬಜಾರಿನಿಂದ ತಂದ ಒಂದು ಸೀರೆಯ ಡಬ್ಬಿಯಲ್ಲಿ ಹಾಕುತ್ತಿದ್ದಳು. ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ತಿಪ್ಪೇಸ್ವಾಮಿ ಸರ್ ಒಮ್ಮೆ ಶೆಡ್ಡಿಗೆ ಬಂದವರು ಆ ಡಬ್ಬಿ ನೋಡಿದರು. ಎಲ್ಲರೂ ಮಕ್ಕಳ ಉತ್ತರ ಎಣಿಸುತ್ತಾರೆ, ನೀವು ಪ್ರಶ್ನೆ ಕೂಡಿಹಾಕಿದ್ದೀರಿ ಎಂದರು. ಆ ಒಂದು ಮಾತಿನ ಮೇಲೆ ಅವಳು ಮೂವತ್ತಾರರ ವಯಸ್ಸಿನಲ್ಲಿ ಪಿಎಚ್‌ಡಿಗೆ ಸೇರಿದಳು.

ಆ ದಿನಗಳು ಎಷ್ಟು ಚೆನ್ನಾಗಿದ್ದವು. ಆಮೇಲೆ ರಶ್ಮಿ ಬಂದಳು, ಅವಳ ಹಿಂದೆಯೇ ಬ್ಲಾಗು ಬಂತು.

ಚೀಟಿ ಹುಡುಕುತ್ತ ಕೂತರೆ ಸಂಶೋಧನೆ ಮುಗಿಯುವುದಿಲ್ಲ, ಎಲ್ಲರೂ ಬ್ಲಾಗ್ ತೆರೆಯಿರಿ ಎಂದು ಸರ್ ಹೇಳಿದರು. ಪ್ರತಿ ವಾರ ಟಿಪ್ಪಣಿ ಹಾಕಬೇಕು. ಪ್ರತಿ ಟಿಪ್ಪಣಿಗೂ ಎರಡು ಭಾಗ. ಮೇಲೆ, ಮಗು ಹೇಳಿದ್ದು, ಹೇಳಿದ ಹಾಗೆಯೇ. ಕೆಳಗೆ, 'ನನಗೆ ಅನಿಸಿದ್ದು'. ಜೊತೆಗೆ ಮಗುವಿನ ಹೆಸರಿನದೊಂದು ಲೇಬಲ್ ಹಚ್ಚಬೇಕು. ಆಗ ಪಕ್ಕದ ಪಟ್ಟಿಯಲ್ಲಿ ಆ ಹೆಸರು ಒತ್ತಿದರೆ ಆ ಮಗುವಿನ ಮಾತೆಲ್ಲ ಒಂದೆಡೆ ಬಂದು ಕೂಡುತ್ತದೆ. ಶಿವದೇವಿ ಅಮೀರ್‌ಪೇಟೆಯಲ್ಲಿ ಹತ್ತು ದಿನದ ಕಂಪ್ಯೂಟರ್ ಕ್ಲಾಸಿಗೆ ಹೋದಳು. ಜಾವಾ ಕಲಿಯಲು ಬಂದ ಹುಡುಗರ ನಡುವೆ ಸೆರಗು ಹೊದ್ದುಕೊಂಡು ಕೂತು, ಮೌಸು ಹಿಡಿದರೆ ಬಾಣ ಪರದೆಯ ಆಚೆಗೇ ಓಡುತ್ತಿತ್ತು. ಆರನೆಯ ದಿನ ಬಿಟ್ಟಳು.

ರಶ್ಮಿ ಹುಮನಾಬಾದಿನವಳು. ಇಪ್ಪತ್ತಾರು ವರ್ಷ. ಅವಳಿಗೆ ಸ್ವಂತ ಲ್ಯಾಪ್‌ಟಾಪ್ ಇತ್ತು. ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಊಟ ತಾಟಿಗೆ ಬಂದು ಬೀಳುತ್ತಿತ್ತು. ಅವಳ ಬ್ಲಾಗಿನ ಬದಿಯಲ್ಲಿ ಲೇಬಲ್‌ಗಳು ಮದುವೆಮನೆಯ ಎಲೆಗಳ ಹಾಗೆ ಸಾಲಾಗಿ ಕೂತಿರುತ್ತಿದ್ದವು. 'ನನಗೆ ಅನಿಸಿದ್ದು' ಎಂಬಲ್ಲಿ ಆ ಹುಡುಗಿ ಪುಟಗಟ್ಟಲೆ ಬರೆಯುತ್ತಿದ್ದಳು. ಅಷ್ಟೊಂದು ಅನಿಸಲಿಕ್ಕೆ ಪುರಸೊತ್ತಾದರೂ ಎಲ್ಲಿಂದ ಬರುತ್ತದೆ ಎಂದು ಶಿವದೇವಿ ಬೇಳೆ ಬೇಯಿಸುತ್ತ ಯೋಚಿಸುತ್ತಿದ್ದಳು. ಸರ್ ಪ್ರತಿ ವಾರ ರಶ್ಮಿಯ ಪುಟಕ್ಕೆ ಎರಡು ಸಾಲಾದರೂ ಬರೆಯುತ್ತಿದ್ದರು. ಶಿವದೇವಿಯ ಪುಟದ ಬುಡದಲ್ಲಿ ಕಾಮೆಂಟುಗಳ ಲೆಕ್ಕ ವಾರವಾರವೂ ಸೊನ್ನೆ.

ದಿನಾ ಸಂಜೆ ಶಾಲೆಯಿಂದ ಬಂದು ಪಾತ್ರೆ ತೊಳೆದಾದ ಮೇಲೆ ಅವಳು ಮೊದಲು ತನ್ನ ಪುಟ ತೆರೆಯುತ್ತಿದ್ದಳು. ಓದಲಿಕ್ಕಲ್ಲ. ನೇರ ಬುಡಕ್ಕೆ ಹೋಗಿ ಸೊನ್ನೆ ಇನ್ನೂ ಸೊನ್ನೆಯೇ ಎಂದು ನೋಡಿಕೊಂಡು, ರಶ್ಮಿಯ ಪುಟಕ್ಕೆ ಹೋಗಿ ಅದನ್ನು ಅಕ್ಷರ ಬಿಡದೆ ಓದುತ್ತಿದ್ದಳು. ತಪ್ಪು ಹುಡುಕುತ್ತಿದ್ದಳು. ಒಮ್ಮೆ ರಶ್ಮಿ ಒಂದೇ ಟಿಪ್ಪಣಿಯನ್ನು ಎರಡು ಸಲ ಹಾಕಿಬಿಟ್ಟದ್ದು ಸಿಕ್ಕಿತು. ಆ ದಿನ ರಾತ್ರಿ ಶಿವದೇವಿ ಮನೆಯವರಿಗೆಲ್ಲ ಬೆಲ್ಲದ ಸಜ್ಜಕ ಮಾಡಿ ಬಡಿಸಿದಳು. ಯಾಕೆಂದು ಕಲ್ಲೇಶ ಕೇಳಲಿಲ್ಲ, ಎರಡು ಸಲ ಹಾಕಿಸಿಕೊಂಡು ತಿಂದ.

ಇನ್ನೊಂದು ಸಲ ಅವಳು ಅದಕ್ಕಿಂತ ಸಣ್ಣ ಕೆಲಸ ಮಾಡಿದಳು. ಹೆಸರು ಹಾಕದೆ ರಶ್ಮಿಯ ಪುಟಕ್ಕೆ, ನೀವು ಶಾಲೆಗೆ ಎಷ್ಟು ಸಲ ಹೋಗಿದ್ದೀರಿ, ಇದೆಲ್ಲ ಕೂತಲ್ಲೇ ಬರೆದದ್ದಲ್ಲವೇ ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಕಳಿಸಿದಳು. ರಶ್ಮಿ ಸಿಟ್ಟಾಗಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಎಂದು ವಂದನೆ ಹೇಳಿ, ತಾನು ಹೋದ ದಿನಗಳನ್ನೆಲ್ಲ ಬರೆದಳು. ಆ ಉತ್ತರ ಸರ್‌ಗೆ ಬಹಳ ಮೆಚ್ಚಿಗೆಯಾಗಿ, ಹೀಗಿರಬೇಕು ಎಂದು ಎಲ್ಲರಿಗೂ ಮೇಲ್ ಹಾಕಿದರು. ಶಿವದೇವಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಅವಳ ಟಿಪ್ಪಣಿಗಳನ್ನು ಟೈಪ್ ಮಾಡುತ್ತಿದ್ದವಳು ಗಂಗಿ. ಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು, ಹುಡುಗಿಯ ಬೆರಳು ಚುರುಕು. ಕನ್ನಡ ಓದುವುದನ್ನು ತಾಯಿಯೇ ಮನೆಯಲ್ಲಿ ಕಲಿಸಿದ್ದಳು. ಶನಿವಾರ ಮಧ್ಯಾಹ್ನ ಶಿವದೇವಿ ಜೋಳ ಹಸನು ಮಾಡುತ್ತ ಅಡಿಗೆಮನೆಯಿಂದ ಚೀಟಿ ಓದಿ ಹೇಳುವಳು, ಗಂಗಿ ನಡುಮನೆಯಲ್ಲಿ ಕೂತು ಒತ್ತುವಳು. 'ನನಗೆ ಅನಿಸಿದ್ದು' ಎಂಬ ಜಾಗ ಬಂದಾಗ ಹುಡುಗಿ ಸ್ವಲ್ಪ ಹೊತ್ತು ಕಾಯುವಳು. ಅದು ಆಮ್ಯಾಲೆ ಬರಿಯೋಣ, ಮುಂದಿಂದು ಕೇಳು ಎಂದು ತಾಯಿ ಮುಂದಿನ ಚೀಟಿ ತೆಗೆಯುವಳು.

ಚೀಟಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದ ಹೆಸರು ಗುಂಡಮ್ಮ. ಸೆಂಟ್ರಿಂಗ್ ಕೆಲಸದ ತಾಯಪ್ಪನ ಮಗಳು, ಒಂಬತ್ತು ವರ್ಷ, ಮೂಗಿನ ತುದಿಯಲ್ಲಿ ಯಾವಾಗಲೂ ಸಿಮೆಂಟಿನ ಧೂಳು. ಆ ಹುಡುಗಿ ಬಾಯಿ ತೆರೆದರೆ ಪ್ರಶ್ನೆ. ಗಾಜಿನ ಗೋಡೆಗೆ ಬಡಿದು ಬಿದ್ದ ಗುಬ್ಬಿಗೆ ಅದು ಆಕಾಶ ಅಲ್ಲ ಅಂತ ಯಾರು ಹೇಳಬೇಕಿತ್ತು ಎಂದು ಕೇಳಿದ್ದಳು. ನಾವು ಕಟ್ಟಿದ ಮನೆಯಲ್ಲಿ ನಾವು ಎಷ್ಟನೆಯ ಮಹಡಿಯ ತನಕ ಹೋಗಬಹುದು ಎಂದು ಕೇಳಿದ್ದಳು. ಅವಳ ಬಗ್ಗೆ ಹೇಳುವಾಗ ಶಿವದೇವಿಯ ದನಿಯೇ ಬೇರೆಯಾಗುತ್ತಿತ್ತು. ಊಟಕ್ಕೆ ಕೂತಾಗಲೂ, ಇವತ್ತು ಗುಂಡಮ್ಮ ಏನಂದಳು ಗೊತ್ತೇನ್ರಿ ಎಂದು ಶುರುಮಾಡುವಳು. ಗಂಗಿಗೆ ಗಿಡ್ಡವಾದ ಹಳದಿ ಅಂಗಿ, ಎದೆಯ ಮೇಲೆ ಜೇಬಿದ್ದದ್ದು, ಅದನ್ನೂ ಒಯ್ದು ಗುಂಡಮ್ಮನಿಗೆ ಕೊಟ್ಟಿದ್ದಳು.

ಗಂಗಿಯೋ, ಏನೂ ಕೇಳದ ಮಗು. ಸ್ಕೂಲಿನ ಪಾಲಕರ ಸಭೆಯಲ್ಲಿ ಮೇಡಂ, ನಿಮ್ಮ ಹುಡುಗಿ ಡೌಟ್ ಅಂತ ಒಂದು ದಿನವೂ ಕೈ ಎತ್ತಿಲ್ಲ ಎಂದಿದ್ದರು. ಚಿಕ್ಕವಳಿದ್ದಾಗ ಕೇಳುತ್ತಿದ್ದಳು. ತಡಿ, ಬಂದೆ, ಇದೊಂದು ಮುಗೀಲಿ ಎನ್ನುತ್ತ ಎನ್ನುತ್ತ ಯಾವಾಗ ನಿಂತಿತೋ ಶಿವದೇವಿಗೆ ತಿಳಿದಿರಲಿಲ್ಲ.

ಬರುವ ಶುಕ್ರವಾರ ವರ್ಷದ ಪರಿಶೀಲನೆ. ಜೂನಿನಲ್ಲಿ ಮೈಸೂರಿನಲ್ಲಿ ನಡೆಯುವ ಗೋಷ್ಠಿಗೆ ಗುಂಪಿನಿಂದ ಒಬ್ಬರನ್ನೇ ಕಳಿಸುವುದು. ಅದು ರಶ್ಮಿಯೇ ಎಂದು ಎಲ್ಲರೂ ತಿಳಿದಿದ್ದರು, ರಶ್ಮಿಯೂ ತಿಳಿದಿದ್ದಳು. ಆದರೆ ಇವತ್ತು ಬೆಳಿಗ್ಗೆ ಏಳಕ್ಕೆ ಆ ನಗುವಿನಲ್ಲಿ ಹರಳು ಸಿಕ್ಕಿತಲ್ಲ.

ಒಂಬತ್ತೂ ಕಾಲಿಗೆ ಫ್ಯಾನು ತಿರುಗಿತು. ಶಿವದೇವಿ ಓಡಿಬಂದು ಕೂತಳು. ಕಲ್ಲೇಶನೂ ಪೇಪರು ಮಡಚಿ ಹಿಂದೆ ಬಂದು ನಿಂತ. ಸೊನ್ನೆ ಇದ್ದಲ್ಲಿ ಒಂದು ಇತ್ತು.

ಸರ್ ಬರೆದಿದ್ದರು:

"ಶಿವದೇವಿಯವರೇ, ಈ ವಾರ ನಿಮ್ಮ ಬ್ಲಾಗನ್ನು ಮೊದಲಿನಿಂದ ಓದಿದೆ. ಪಕ್ಕದ ಪಟ್ಟಿಯಲ್ಲಿ ಶಿವಗಂಗಾ ಎಂಬ ಹೆಸರು ಒತ್ತಿದರೆ ನಲವತ್ತೊಂದು ಪ್ರಶ್ನೆಗಳು ಒಟ್ಟಿಗೆ ಬರುತ್ತವೆ. ಈ ಹುಡುಗಿಯ ಪ್ರಶ್ನೆಗಳಂಥವು ನಮ್ಮ ಗುಂಪಿನಲ್ಲಿ ಇನ್ನಾರ ಬಳಿಯೂ ಇಲ್ಲ. ಆದರೆ ನಲವತ್ತೊಂದರ ಕೆಳಗೂ 'ನನಗೆ ಅನಿಸಿದ್ದು' ಖಾಲಿ ಇದೆ. ಮಾರ್ಚ್ ಹದಿನಾಲ್ಕರಂದು ಆಕೆ ನಿಮ್ಮನ್ನು, 'ಟೀಚರ್, ಈ ಅಂಗಿ ಹಾಕ್ಕೊಂತಿದ್ದ ಹುಡುಗಿ ಹೆಂಗದಾಳ್ರಿ?' ಎಂದು ಕೇಳಿದ್ದಾಳೆ. ನೀವು ಏನು ಹೇಳಿದಿರಿ? ಅದನ್ನು ಯಾಕೆ ಬರೆದಿಲ್ಲ? ಈ ಶಿವಗಂಗಾ ಮನೆಯಲ್ಲಿ ಹೇಗಿರುತ್ತಾಳೆ, ಅಲ್ಲಿ ಅವಳ ಪ್ರಶ್ನೆಗಳಿಗೆ ಕಿವಿಗೊಡುವವರು ಯಾರು? ಶುಕ್ರವಾರದೊಳಗೆ ಇಷ್ಟನ್ನು ಬರೆಯಿರಿ. ಬರೆದರೆ ಮೈಸೂರಿಗೆ ಈ ಸಲ ನೀವೇ ಹೊರಡಬೇಕಾಗುತ್ತದೆ."

ಮೊದಲ ಸಲ ಓದಿದಾಗ ಶಿವದೇವಿಯ ಕಣ್ಣು ಕೊನೆಯ ಸಾಲಿನ ಮೇಲೆ ಮಾತ್ರ ನಿಂತಿತು. ಮೈಸೂರು. ಈಗ ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿ ಒಬ್ಬಳು ಇದೇ ಸಾಲನ್ನು ಎಷ್ಟನೆಯ ಸಲ ಓದುತ್ತಿರಬಹುದು ಎಂದುಕೊಂಡಳು. ಆ ಸುಖವನ್ನು ಅವಳು ಪೂರ್ತಿ ಅನುಭವಿಸಿದಳು, ಸುಳ್ಳು ಯಾಕೆ ಹೇಳಬೇಕು. ಹಿಂದಿನಿಂದ ಕಲ್ಲೇಶ, "ಅಲ್ಲ, ನಮ್ಮ ಗಂಗೀ ಹೆಸರು ನಿಮ್ಮ ಸರ್‌ಗೆ ಹೆಂಗ ಗೊತ್ತಾತು?" ಎಂದ ಮೇಲೆಯೇ ಅವಳು ಎರಡನೆಯ ಸಲ ಓದಿದ್ದು.

ಪಕ್ಕದ ಪಟ್ಟಿಯನ್ನು ನೋಡಿದಳು. ತನ್ನ ಪುಟದ ಆ ಬದಿಯನ್ನು ಅವಳು ನೋಡದೆ ಒಂದು ತಿಂಗಳಾಗಿತ್ತು. ಶೆಡ್ಡಿನ ಹಂಪಯ್ಯ ಇರಬೇಕಾದಲ್ಲಿ ಅಖಿಲ್ ಇದ್ದ, ಸೂಗಮ್ಮ ಇರಬೇಕಾದಲ್ಲಿ ಸ್ವಾತಿ. ಗಂಗಿಯ ಕ್ಲಾಸಿನ ಹುಡುಗ ಹುಡುಗಿಯರ ಹೆಸರುಗಳು. ಗುಂಡಮ್ಮ ಇದ್ದಲ್ಲಿ ಶಿವಗಂಗಾ, ಅದರ ಮುಂದೆ ನಲವತ್ತೊಂದು.

ಆಗ ನೆನಪಾಯಿತು. ಮಾರ್ಚ್ ಕೊನೆಯಲ್ಲಿ ಸರ್ ಒಂದು ಮೇಲ್ ಕಳಿಸಿದ್ದರು. ಬ್ಲಾಗು ಊರೆಲ್ಲ ಓದುವಂಥದು, ಬಡವರ ಮಕ್ಕಳ ನಿಜವಾದ ಹೆಸರು ಹಾಕಬಾರದು, ಸಂಶೋಧನೆಯಲ್ಲಿ ಹೆಸರು ಬದಲಿಸುವುದು ಪದ್ಧತಿ, ಕೂಡಲೇ ಬದಲಿಸಿ ಎಂದು. ಗಂಗಿ ಅದನ್ನು ಓದಿ ಹೇಳಿ, ಏನು ಹೆಸರು ಇಡಲಿ ಎಂದು ಕೇಳಿದ್ದಳು. ಜೋಳದ ಮೊರದಿಂದ ತಲೆ ಎತ್ತದೆ ಶಿವದೇವಿ, ನಿನಗ ಯಾವ್ದು ಸೇರ್ತದ ಅದನ್ನ ಇಡು ಎಂದಿದ್ದಳು. ಅಷ್ಟು ಟಿಪ್ಪಣಿಗಳನ್ನು ಒಂದೊಂದೇ ತೆರೆದು ಹೆಸರು ಬದಲಿಸಲು ಹುಡುಗಿಗೆ ಮೂರು ಮಧ್ಯಾಹ್ನ ಹಿಡಿದಿತ್ತು. ಅದಾದ ಮೇಲಿನ ಶನಿವಾರಗಳಲ್ಲಿ ತಾಯಿ ಅಡಿಗೆಮನೆಯಿಂದ ಗುಂಡಮ್ಮ ಕೇಳಿದಳು ಎಂದು ಓದಿದಾಗಲೆಲ್ಲ, ನಡುಮನೆಯಲ್ಲಿ ಬೆರಳುಗಳು ಶಿವಗಂಗಾ ಕೇಳಿದಳು ಎಂದು ಒತ್ತಿದ್ದವು.

ಶಿವದೇವಿ ಆ ಹೆಸರನ್ನು ಒತ್ತಿದಳು. ನಲವತ್ತೊಂದೂ ಒಂದರ ಕೆಳಗೊಂದು ಬಂದವು. ಶಿವಗಂಗಾ ಕೇಳಿದಳು, ಗುಬ್ಬಿಗೆ ಯಾರು ಹೇಳಬೇಕಿತ್ತು. ಶಿವಗಂಗಾ ಕೇಳಿದಳು, ನಾವು ಎಷ್ಟನೆಯ ಮಹಡಿಯ ತನಕ. ಶಿವಗಂಗಾ ಕೇಳಿದಳು, ಶಿವಗಂಗಾ ಕೇಳಿದಳು. ಸೈಟಿನಲ್ಲಿ ತಾನೇ ನಿಂತು ಬರೆದುಕೊಂಡ ಮಾತುಗಳು ಈಗ ಗಂಗಿಯ ದನಿಯಲ್ಲಿ ಕೇಳತೊಡಗಿದವು, ಆರೇಳು ವರ್ಷದ ಗಂಗಿಯ ದನಿಯಲ್ಲಿ. ಓದುತ್ತ ಓದುತ್ತ ಅವಳ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಎದ್ದಿತು. ಆದರೆ ಅದು ರಶ್ಮಿಯ ಮೇಲಿನದಾಗಿರಲಿಲ್ಲ. ಈ ಪುಟದಲ್ಲಿ ಒಬ್ಬ ಟೀಚರು ಇದ್ದಳು. ಶಿವಗಂಗಾ ಎಂಬ ಹುಡುಗಿ ತನಗೆ ತಿಳಿಯದ್ದನ್ನೆಲ್ಲ ಅವಳ ಹತ್ತಿರ ಓಡಿಬಂದು ಕೇಳುತ್ತಿದ್ದಳು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು ಬರೆದುಕೊಳ್ಳುತ್ತಿದ್ದಳು. ಆ ಟೀಚರನ್ನು ಕಂಡು ಶಿವದೇವಿಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.

ಮಾರ್ಚ್ ಹದಿನಾಲ್ಕರ ಟಿಪ್ಪಣಿಗೆ ಬಂದಳು. ಹಳದಿ ಅಂಗಿಯ ಜೇಬಿನಲ್ಲಿ ಒಂದು ನೀಲಿ ಕಲೆ ಇತ್ತು. ಗುಂಡಮ್ಮ ಅದರೊಳಗೆ ಬೆರಳಿಟ್ಟು, ಇದರಾಗ ಏನಿಟ್ಟಿದ್ದಳು ಅಕಿ ಎಂದು ಮೊದಲು ಕೇಳಿದ್ದಳು. ಶಿವದೇವಿಗೆ ಗೊತ್ತಿರಲಿಲ್ಲ. ಆಮೇಲೆ, ಅಕಿ ಹೆಂಗದಾಳ್ರಿ ಎಂದಿದ್ದಳು. ಅದಕ್ಕೆ ತಾನು ಕೊಟ್ಟ ಉತ್ತರ ಚೀಟಿಯಲ್ಲಿ ಇರಲಿಲ್ಲ, ನೆನಪಿನಲ್ಲಿ ಇತ್ತು.

ಕಲ್ಲೇಶ ಹೆಂಡತಿಯ ಮುಖ ನೋಡಿ, ನಾ ಹಾಲು ತರ್ತೀನಿ ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಹಾಲು ಬೆಳಿಗ್ಗೆಯೇ ಬಂದಾಗಿತ್ತು.

ಗಂಗಿ ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದಳು. ಬೈಗುಳಕ್ಕೆ ತಯಾರಾದ ಮುಖ. ಶಿವದೇವಿ ಬೈಯಲಿಲ್ಲ. ಕುರ್ಚಿ ಬಿಟ್ಟು ಪಕ್ಕದ ಸ್ಟೂಲಿಗೆ ಸರಿದು, ಬಾ, ಕೂಡು, ಸರ್ ಕೇಳಿದ್ದನ್ನ ಬರಿಯೋಣ ಎಂದಳು. ಹುಡುಗಿ ಬಂದು ಕೂತಳು. ಮಾರ್ಚ್ ಹದಿನಾಲ್ಕನ್ನು ತೆರೆದು, ಖಾಲಿ ಬಿಟ್ಟ ಜಾಗದಲ್ಲಿ ಬಾಣ ತಂದು ನಿಲ್ಲಿಸಿದಳು. ಈ ಸಲ ತಾಯಿ ಮುಂದಿನ ಚೀಟಿ ತೆಗೆಯಲಿಲ್ಲ. ಅಡಿಗೆಮನೆಯಲ್ಲಿ ಕುಕ್ಕರು ಕೂಗಿತು, ಅವಳು ಏಳಲಿಲ್ಲ.

"ಬರಿ," ಎಂದಳು ಶಿವದೇವಿ. "ಆ ಅಂಗಿ ನನ್ನ ಮಗಳದು. ಅಕಿ ಹೆಂಗದಾಳಂತ ಆ ಹುಡುಗಿ ಕೇಳಿದಾಗ ನಾ ಹೇಳಿದ್ದು ಇಷ್ಟ. ಭಾಳ ಶಾಣ್ಯಾ ಅದಾಳ. ಏನೂ ಕೇಳಂಗಿಲ್ಲ."

ಗಂಗಿಯ ಬೆರಳು 'ಶಾಣ್ಯಾ' ತನಕ ಒತ್ತಿ ನಿಂತಿತು. ಕುಕ್ಕರು ಇನ್ನೊಮ್ಮೆ ಕೂಗಿತು. ಹುಡುಗಿ ಒಮ್ಮೆ ಅಡಿಗೆಮನೆಯ ಕಡೆ ನೋಡಿದಳು, ಆಮೇಲೆ ಸ್ಟೂಲಿನ ಮೇಲೆ ಹಾಗೆಯೇ ಕೂತಿದ್ದ ತಾಯಿಯನ್ನು ನೋಡಿದಳು. ಪರದೆಯ ಕಡೆ ಮುಖ ತಿರುಗಿಸಿಕೊಂಡು, ಮೆಲ್ಲಗೆ, ಆದರೆ ಕೇಳುವ ಹಾಗೆ ಹೇಳಿದಳು:

"ಅವ್ವಾ, ನಾ ಏನರ ಕೇಳಿದ್ರ, ಅದನ್ನೂ ನೀ ಚೀಟ್ಯಾಗ ಬರಕೊಂತೀಯೇನು?"